ಸ್ಟೇಜ್ ಮೇಲಿದ್ದವರ ಕಿವಿಯಲ್ಲಿ ಪ್ಲಗ್ ಇತ್ತು, ಕೆಳಗೆ ನಿಂತ ನಮಗೆ ಇರಲಿಲ್ಲ

ಚಿಕ್ಕ ಜಾಗದಲ್ಲಿ ನಡೆಯುವ ಮೆಟಲ್ ಗಿಗ್‌ಗೆ, ಅಂದರೆ ತುಂಬಾ ಜೋರಿನ ರಾಕ್ ಸಂಗೀತದ ಕಾರ್ಯಕ್ರಮಕ್ಕೆ, ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋಗಬೇಡಿ ಅಂತ ಹೇಳುತ್ತಿಲ್ಲ. ಕಿವಿಗೆ ಇಯರ್‌ಪ್ಲಗ್ ಇಲ್ಲದೆ ಹೋಗಬೇಡಿ.

ನಾನು ಮೆಟಲ್‌ಗೆ ಹೊಸಬನಲ್ಲ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಅಮೆರಿಕದ ಮೆಟಾಲಿಕಾ ಬ್ಯಾಂಡ್ ಬಂದಾಗ ಅಲ್ಲಿದ್ದೆ. ಅವತ್ತು ರಾತ್ರಿಯೂ ಕಿವಿ ಗುಂಯ್ ಅಂದಿತ್ತು, ಬೆಳಗ್ಗೆ ಎದ್ದಾಗ ಸರಿಹೋಗಿತ್ತು. ಆಮೇಲೆ ಎಷ್ಟೋ ಗಿಗ್‌ಗಳಲ್ಲಿ ಹೀಗೇ ಆಯಿತು, ಹಾಗಾಗಿ ಗುಂಯ್ ಅನ್ನುವುದು ಗಿಗ್‌ನ ಒಂದು ಭಾಗ ಅಂತಲೇ ಅಂದುಕೊಂಡಿದ್ದೆ. ನಮ್ಮಲ್ಲಿ ತುಂಬಾ ಜನ ಹೀಗೇ ಅಂದುಕೊಂಡಿದ್ದಾರೆ, ಅಲ್ವಾ?

ಕಳೆದ ನವೆಂಬರ್‌ನ ಒಂದು ಶನಿವಾರ. ಬೆಂಗಳೂರಿನ ಒಂದು ಪಬ್, ಮೊದಲನೇ ಮಹಡಿ, ಮೂರು ಬ್ಯಾಂಡ್. ಪಬ್‌ನ ಹೆಸರು ಹೇಳುವುದಿಲ್ಲ. ಇಂಥ ಜಾಗ ಅದೊಂದೇ ಅಲ್ಲ. ಕೈ ಎತ್ತಿದರೆ ಸಿಗುವಷ್ಟು ತಗ್ಗು ಸೀಲಿಂಗ್, ಒಂದು ಕಡೆ ಗಾಜು, ಇನ್ನೊಂದು ಕಡೆ ಬರೀ ಕಾಂಕ್ರೀಟ್ ಗೋಡೆ. ನೂರೈವತ್ತು ಜನ ಇದ್ದಿರಬಹುದು. ಸ್ಟೇಜ್ ಎಂದರೆ ನೆಲದಿಂದ ಒಂದಡಿ ಎತ್ತರ, ಅಷ್ಟೇ. ಸ್ಪೀಕರ್‌ಗಳು ಸ್ಟ್ಯಾಂಡ್ ಮೇಲೆ, ಸರಿಯಾಗಿ ನಮ್ಮ ಕಿವಿಯ ಎತ್ತರಕ್ಕೆ. ನಡುವೆ ಪಿಟ್, ಅಂದರೆ ಜನ ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುತ್ತಾ ಕುಣಿಯುವುದು, ಶುರುವಾಗಿತ್ತು, ನಾನು ಎಡಗಡೆ ಸ್ಪೀಕರ್‌ನ ಪಕ್ಕ ಜಾಗ ಹಿಡಿದೆ. ಎರಡು ಗಂಟೆಗಿಂತ ಜಾಸ್ತಿ ಅಲ್ಲೇ ನಿಂತಿದ್ದೆ.

ಗಿಗ್ ಮಾತ್ರ ಅದ್ಭುತವಾಗಿತ್ತು, ಅದನ್ನೂ ಹೇಳಲೇಬೇಕು. ಡಬಲ್ ಬೇಸ್ ಡ್ರಮ್ ಬಿದ್ದಾಗ ಎದೆಯ ಗೂಡೇ ಅದುರುತ್ತದೆ, ಗಿಟಾರ್ ವಾದಕನ ಬೆರಳು ನಾಲ್ಕಡಿ ದೂರದಲ್ಲಿ ಕಾಣುತ್ತದೆ, ಪಿಟ್‌ನಲ್ಲಿ ಯಾರಾದರೂ ಬಿದ್ದರೆ ಗುರುತಿಲ್ಲದ ಹತ್ತು ಕೈ ಬಂದು ಎತ್ತಿ ನಿಲ್ಲಿಸುತ್ತವೆ. ದೊಡ್ಡ ಮೈದಾನದಲ್ಲಿ ಇದು ಸಿಗುವುದಿಲ್ಲ. ಆದರೆ ಮೈದಾನದಲ್ಲಿ ಸದ್ದು ಹೊರಗೆ ಹೋಗಲು ಆಕಾಶ ಇರುತ್ತದೆ. ಇಲ್ಲಿ ಅದು ಸೀಲಿಂಗ್‌ಗೆ ಬಡಿದು, ಗಾಜಿಗೆ ಬಡಿದು, ಮತ್ತೆ ನಮ್ಮ ಮೇಲೇ ಬೀಳುತ್ತದೆ. ಡ್ರಮ್ಸ್ ಅಂತೂ ಮೈಕ್ ಇಲ್ಲದೆಯೂ ಇಂಥ ಕೋಣೆಗೆ ಜೋರೇ.

ಎರಡನೇ ಬ್ಯಾಂಡ್‌ನ ಮಧ್ಯದಲ್ಲಿ ಎಡಗಿವಿ ಮಂದವಾಯಿತು, ಈಜುವಾಗ ನೀರು ಹೊಕ್ಕ ಹಾಗೆ. ಗೆಳೆಯ ಭುಜ ಹಿಡಿದು "ಮಗಾ, ಸ್ವಲ್ಪ ಹಿಂದೆ ಬಾ" ಅಂದ. ಅವನ ತುಟಿ ನೋಡಿ ಅರ್ಥವಾಯಿತು. ನಾನು ಹೋಗಲಿಲ್ಲ. ಆ ಮಂದ ಆಗುವುದಿದೆಯಲ್ಲ, ಅದೇ ಸೂಚನೆ. ಆಗ ಕಿವಿಗೆ ಸದ್ದು ಕಡಿಮೆ ಅನ್ನಿಸುತ್ತದೆ, ಇನ್ನೂ ಹತ್ತಿರ ನಿಲ್ಲಬಹುದು ಅನ್ನಿಸುತ್ತದೆ. ಅದು ಕಿವಿ ಸೋತಿರುವುದು, ಒಗ್ಗಿಕೊಂಡಿರುವುದಲ್ಲ.

ಹೊರಗೆ ಬಂದಾಗ ಆಟೋದವರು ಎಷ್ಟು ಕೇಳುತ್ತಿದ್ದಾರೆ ಅನ್ನುವುದೇ ಗೊತ್ತಾಗಲಿಲ್ಲ. ಮನೆಗೆ ಹೋಗಿ ಮಲಗಿದೆ. ಮಲೆನಾಡಿನಲ್ಲಿ ಸಂಜೆ ಜೀರುಂಡೆಗಳು ಒಂದೇ ಸಮನೆ ಕೂಗುತ್ತವಲ್ಲ, ಹಾಗೆ ಎಡಗಿವಿಯ ಒಳಗೆ. ಮರುದಿನವೂ ಇತ್ತು. ಸೋಮವಾರವೂ ಇತ್ತು. ಇನ್ನೆರಡು ದಿನ, ಇನ್ನೆರಡು ದಿನ ಅಂತ ಸುಮ್ನೆ ಕಾದೆ. ಅಮ್ಮ ಅಡುಗೆಮನೆಯಿಂದ "ಕುಕ್ಕರ್ ಆಫ್ ಮಾಡೋ, ಎಷ್ಟು ವಿಸಿಲ್ ಆಯ್ತು" ಅಂದಾಗ ಒಂದನ್ನೂ ಕೇಳಿಸಿಕೊಂಡಿರಲಿಲ್ಲ. ಅಂದು ಭಯವಾಯಿತು. ಇಎನ್‌ಟಿ ಡಾಕ್ಟರ್ ಹತ್ತಿರ ಹೋಗುವಷ್ಟರಲ್ಲಿ ಹದಿನೆಂಟು ದಿನ ಕಳೆದಿತ್ತು.

ಕಿವಿ ಎಷ್ಟು ಕೇಳುತ್ತದೆ ಅನ್ನುವುದನ್ನು ತೋರಿಸುವ ನಕ್ಷೆ ಆಡಿಯೋಗ್ರಾಮ್‌ನಲ್ಲಿ ಎಡಗಿವಿಯ ಗೆರೆ 4000 ಹರ್ಟ್ಜ್ ಹತ್ತಿರ ಗುಂಡಿಗೆ ಇಳಿದಿತ್ತು. ಜೋರು ಸದ್ದಿನಿಂದ ಆದ ಪೆಟ್ಟು ಸಾಮಾನ್ಯವಾಗಿ ಅಲ್ಲೇ ಕಾಣುವುದಂತೆ. ಡಾಕ್ಟರ್ ಬಿಡಿಸಿ ಹೇಳಿದರು. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಜೀವಕೋಶಗಳು ಒಂದು ಕಿವಿಗೆ ಸುಮಾರು 15 ಸಾವಿರ ಇರುತ್ತವೆ, ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ನನಗೆ ಕೇಳುವ ಜೀರುಂಡೆಗೆ ಟಿನಿಟಸ್ ಅನ್ನುತ್ತಾರೆ. ಅದನ್ನು ಅಳಿಸಿಹಾಕುವ ಮಾತ್ರೆ ಇಲ್ಲ.

ಲೆಕ್ಕ ಹೀಗಿದೆ. ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಯೋಷ್ (NIOSH) ಸಂಸ್ಥೆ ಕೆಲಸದ ಜಾಗಗಳಿಗೆ ಹಾಕಿಕೊಟ್ಟ ಮಿತಿಯ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ಗೆ ಹದಿನೈದೇ ನಿಮಿಷ. ಮೆಟಲ್ ಗಿಗ್‌ನಲ್ಲಿ 100 ದಾಟುವುದು ಮಾಮೂಲು. ನಾನು ನಿಂತದ್ದು ಎರಡು ಗಂಟೆ.

ನನ್ನ ಹೊಟ್ಟೆ ಉರಿಯುವುದು ಇನ್ನೊಂದು ವಿಷಯಕ್ಕೆ. ಅವತ್ತಿನ ವಿಡಿಯೋ ಆಮೇಲೆ ನೋಡಿದೆ. ಡ್ರಮ್ಮರ್ ಕಿವಿಯಲ್ಲಿ ಪ್ಲಗ್. ಬೇಸ್ ನುಡಿಸುವವನ ಕಿವಿಯಲ್ಲಿ ಪ್ಲಗ್. ಸೌಂಡ್ ಮಿಕ್ಸರ್ ಮುಂದೆ ಕೂತವರ ಕಿವಿಯಲ್ಲೂ ಇತ್ತು. ಅವರು ಮಾಡಿದ್ದು ಸರಿ. ಮೆಟಾಲಿಕಾದ ಡ್ರಮ್ಮರ್ ಲಾರ್ಸ್ ಉಲ್ರಿಚ್‌ಗೇ ಟಿನಿಟಸ್ ಇದೆ, 2016ರಲ್ಲಿ ಎಸಿ/ಡಿಸಿ ಬ್ಯಾಂಡ್‌ನ ಹಾಡುಗಾರ ಬ್ರಯಾನ್ ಜಾನ್ಸನ್ ಕಿವಿಯ ಕಾರಣಕ್ಕೆ ಟೂರನ್ನು ಅರ್ಧಕ್ಕೆ ಬಿಡಬೇಕಾಯಿತು. ಸಂಗೀತಗಾರರಿಗೆ ಇದು ಗೊತ್ತು. ಟಿಕೆಟ್ ಹರಿದು ಕೈಗೆ ಸ್ಟ್ಯಾಂಪ್ ಒತ್ತಿ ಒಳಗೆ ಬಿಟ್ಟ ನಮಗೆ ಯಾರೂ ಒಂದು ಮಾತು ಹೇಳಲಿಲ್ಲ, ಒಂದು ಚೀಟಿಯನ್ನೂ ಅಂಟಿಸಿರಲಿಲ್ಲ. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ 2013ರಿಂದ ಇಷ್ಟು ಜೋರಿನ ಕಾರ್ಯಕ್ರಮಗಳಲ್ಲಿ ಬಂದವರಿಗೆ ಇಯರ್‌ಪ್ಲಗ್ ಪುಕ್ಕಟೆ ಕೊಡಬೇಕು ಅನ್ನುವ ನಿಯಮ ಇದೆ. ನಮ್ಮ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಲೌಡ್‌ಸ್ಪೀಕರ್ ಸದ್ದಿಗೆ ಮಿತಿ ಹಾಕುವುದು ಜಾಗದ ಗಡಿಯಲ್ಲಿ, ಅಂದರೆ ಅಕ್ಕಪಕ್ಕದವರ ನೆಮ್ಮದಿಗೆ. ಸ್ಪೀಕರ್ ಮುಂದೆ ನಿಂತವರ ಕಿವಿಗೆ ನಾವೇ ದಿಕ್ಕು.

ಹಾಗಾಗಿ ಪ್ಲಗ್ ಕೊಳ್ಳಿ. ಫೋಮ್‌ನದ್ದು ಮೆಡಿಕಲ್ ಶಾಪ್‌ನಲ್ಲೂ ಆನ್‌ಲೈನ್‌ನಲ್ಲೂ ಒಂದು ಟಿಕೆಟ್‌ನ ಬೆಲೆಗಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ. ಬೆರಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ, ಅದು ಹಿಗ್ಗುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಸುಮ್ನೆ ಕಿವಿಯ ತೂತಿನ ತುದಿಗೆ ಸಿಕ್ಕಿಸಿದರೆ ಏನೂ ಉಪಯೋಗ ಇಲ್ಲ. ಹತ್ತಿ ತುರುಕುವುದೂ ಅಷ್ಟೇ. ಫೋಮ್ ಹಾಕಿದರೆ ಗಿಟಾರ್ ಮಬ್ಬಾಗಿ ಕೇಳುತ್ತದೆ ಅನ್ನುವವರಿಗೆ ಸಂಗೀತಕ್ಕೆಂದೇ ಮಾಡಿದ ಪ್ಲಗ್‌ಗಳಿವೆ, ಬೆಲೆ ಜಾಸ್ತಿ, ಆದರೆ ಅವು ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುತ್ತವೆ. ನಾನೀಗ ಅದನ್ನೇ ಹಾಕುತ್ತೇನೆ. ಹಾಡುವವರ ಮಾತು ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತದೆ. ಸ್ಪೀಕರ್ ಪಕ್ಕ ಮಾತ್ರ ನಿಲ್ಲಬೇಡಿ, ನಡುನಡುವೆ ಹತ್ತು ನಿಮಿಷ ಹೊರಗೆ ಹೋಗಿ ಬನ್ನಿ.

ಗಿಗ್ ಮುಗಿದು ಒಂದೆರಡು ದಿನವಾದರೂ ಗುಂಯ್ ನಿಲ್ಲದಿದ್ದರೆ ನನ್ನ ಹಾಗೆ ಕಾಯಬೇಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಅದೇ ದಿನ ಇಎನ್‌ಟಿ ಹತ್ತಿರ ಓಡಿ. ಅದಕ್ಕೆ ಕೊಡುವ ಸ್ಟೆರಾಯ್ಡ್ ಬೇಗ ಶುರು ಮಾಡಿದಷ್ಟೂ ಒಳ್ಳೆಯದು, ಮೊದಲ ಎರಡು ವಾರ ತುಂಬಾ ಮುಖ್ಯ. ನಾನು ಆ ಎರಡು ವಾರವನ್ನು ಕಾಯುವುದರಲ್ಲೇ ಕಳೆದೆ. ಈಗ ಫ್ಯಾನ್ ಹಾಕದೆ ನಿದ್ದೆ ಬರುವುದಿಲ್ಲ, ಫ್ಯಾನ್ ನಿಂತರೆ ಜೀರುಂಡೆ ಶುರುವಾಗುತ್ತದೆ.