ಕರು, ಆಡುಮರಿಗಳ ಭೇದಿ ಪರೀಕ್ಷಾ ಪಟ್ಟಿ: ಕೊಡಗಿನ ಕೊಟ್ಟಿಗೆಗೆ ಎಷ್ಟು ಉಪಯೋಗ?

ಕೊರೊನಾ, ರೋಟಾ ಎಂಬ ವೈರಸ್ಸುಗಳು, ಇ. ಕೋಲಿ ಕೆ99 ಎಂಬ ಬ್ಯಾಕ್ಟೀರಿಯಾ, ಕ್ರಿಪ್ಟೋಸ್ಪೊರಿಡಿಯಂ ಎಂಬ ಸೂಕ್ಷ್ಮ ಪರಾವಲಂಬಿ. ಎಳೆಗರುವಿನ ಭೇದಿಗೆ ಈ ನಾಲ್ಕರಲ್ಲಿ ಯಾವುದು ಕಾರಣ ಎಂದು ಸುಮಾರು 10 ನಿಮಿಷದಲ್ಲಿ ತೋರಿಸುವ ಪಟ್ಟಿ (ಸ್ಟ್ರಿಪ್) ಕಿಟ್ಟುಗಳು ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಬರುತ್ತವೆ. ಡಬ್ಬಿಯ ಬಣ್ಣ ಬೇರೆಯಾದರೂ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ: ಫಾಯಿಲ್ ಪೊಟ್ಟಣದಲ್ಲಿ ಪಟ್ಟಿ, ದ್ರಾವಣದ ಸಣ್ಣ ಬಾಟಲಿ, ಮಾದರಿ ತೆಗೆಯಲು ಚಮಚ ಅಥವಾ ಹತ್ತಿಕಡ್ಡಿ. ಹಾಗಾಗಿ ಇದು ಒಂದು ಕಂಪನಿಯ ಮಾಲಿನ ವಿಮರ್ಶೆಯಲ್ಲ, ಈ ಜಾತಿಯ ಕಿಟ್ಟಿನದು.

ಕೊಳ್ಳುವ ಮೊದಲೇ ತಿಳಿದಿರಬೇಕಾದ ಮಾತೊಂದಿದೆ. ಪಟ್ಟಿಯಲ್ಲಿ ಕೊರೊನಾ ಗೆರೆ ಬಂದರೂ ರೋಟಾ ಗೆರೆ ಬಂದರೂ ಮರಿಗೆ ಕೊಡುವ ಮದ್ದು ಬದಲಾಗುವುದಿಲ್ಲ. ಎರಡೂ ವೈರಸ್, ಎರಡಕ್ಕೂ ನೇರ ಔಷಧಿಯಿಲ್ಲ, ನೀರು, ಉಪ್ಪು, ಬಿಸುಪು ಕೊಟ್ಟು ಉಳಿಸಿಕೊಳ್ಳಬೇಕು. ಬದಲಾಗುವುದು ಕೊಟ್ಟಿಗೆ ತೊಳೆಯುವ ಕ್ರಮ. ಕಿಟ್ಟಿಗೆ ಕೊಟ್ಟ ದುಡ್ಡು ಹುಟ್ಟುವುದಿದ್ದರೆ ಅಲ್ಲೇ.

ಇಲ್ಲಿ ಕೊರೊನಾ ಎಂದರೆ ದನಗಳ ಕೊರೊನಾ ವೈರಸ್. 2020ರಲ್ಲಿ ನಮ್ಮನ್ನು ಮನೆಯೊಳಗೆ ಕೂರಿಸಿದ ವೈರಸ್ಸಿಗೆ ದೂರದ ನೆಂಟ, ಅಷ್ಟೆ. ಮನೆಯಲ್ಲಿ ಉಳಿದಿರುವ ಕೋವಿಡ್ ಪಟ್ಟಿಗೆ ಸೆಗಣಿ ಹಾಕಿ ನೋಡಿದರೆ ಏನೂ ಸಿಗದು. ಅದು ಹುಡುಕುವ ಪ್ರೋಟೀನೇ ಬೇರೆ. ದನದ ಕೊರೊನಾ ಸಾಮಾನ್ಯವಾಗಿ 5ರಿಂದ 20 ದಿನದ ಕರುಗಳಲ್ಲಿ ಭೇದಿ ತರುತ್ತದೆ. ಅದಕ್ಕೆ ತೀರ ಹತ್ತಿರದ ವೈರಸ್ಸುಗಳು ಕುರಿ, ಆಡುಗಳಲ್ಲೂ ಸಿಕ್ಕಿವೆ. ರೋಟಾ ಸಣ್ಣ ಕರುಳನ್ನಷ್ಟೇ ಕೆಡಿಸಿದರೆ ಕೊರೊನಾ ದೊಡ್ಡ ಕರುಳಿಗೂ ಇಳಿಯುತ್ತದೆ. ಅದಕ್ಕೇ ಇದರ ಭೇದಿ ಬೇಗ ನಿಲ್ಲುವುದಿಲ್ಲ, ಲೋಳೆ ಹೆಚ್ಚು, ಕೆಲವೊಮ್ಮೆ ರಕ್ತದ ಎಳೆಯೂ ಕಾಣುತ್ತದೆ. ತಂಪು, ತೇವ ಇದ್ದಲ್ಲಿ ವೈರಸ್ ಹೆಚ್ಚು ಕಾಲ ಬದುಕುತ್ತದೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ, ನಮ್ಮ ಕೊಟ್ಟಿಗೆಗಳಲ್ಲಿ ಇರುವುದು ಅವೆರಡೇ.

ಪರೀಕ್ಷೆಯ ಕ್ರಮ ಸುಲಭ, ತಪ್ಪುವುದೂ ಅಷ್ಟೇ ಸುಲಭ. ಭೇದಿ ಶುರುವಾದ 24ರಿಂದ 48 ಗಂಟೆಯೊಳಗೆ ಮಾದರಿ ತೆಗೆಯಿರಿ. ವೈರಸ್ ಹೆಚ್ಚು ಹೊರಬೀಳುವುದು ಆಗಲೇ; ಐದಾರು ದಿನ ಕಾದು ಪರೀಕ್ಷಿಸಿ "ಏನೂ ಇಲ್ಲ" ಎಂದರೆ ಅರ್ಥವಿಲ್ಲ. ನೆಲದಿಂದ ಬಳಿಯಬೇಡಿ, ಅದರಲ್ಲಿ ತಾಯಿಯ ಸೆಗಣಿ, ಗಂಜಲ, ದರಗು ಎಲ್ಲ ಬೆರೆತಿರುತ್ತದೆ. ಕೈಗವಸು ಹಾಕಿ ಗುದದಿಂದಲೇ ನೇರವಾಗಿ ಸಣ್ಣ ಬಾಟಲಿಗೆ ತೆಗೆದುಕೊಳ್ಳಿ. ದ್ರಾವಣದಲ್ಲಿ ಚೆನ್ನಾಗಿ ಕಲಕಿ, ಗಸಿ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಪಟ್ಟಿಗೆ ಹಾಕಬೇಕು. ಮಾದರಿ ಜಾಸ್ತಿ ಹಾಕಿದರೆ ಫಲಿತಾಂಶ ಗಟ್ಟಿಯಾಗುವುದಿಲ್ಲ, ಪಟ್ಟಿ ಕಟ್ಟಿಕೊಳ್ಳುತ್ತದೆ. ಸೊಪ್ಪು ಮೆಲ್ಲಲು ಶುರುಮಾಡಿದ ಆಡುಮರಿಯ ಹಿಕ್ಕೆಯಲ್ಲಿ ನಾರು ಇರುವುದರಿಂದ ಅಲ್ಲಿ ಈ ತೊಂದರೆ ಹೆಚ್ಚು.

ಪಟ್ಟಿ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ನಿಯಂತ್ರಣದ ಗೆರೆ ಬರದಿದ್ದರೆ ಆ ಪಟ್ಟಿ ದಂಡ, ಬೇರೆ ತೆಗೆಯಿರಿ. ಹೇಳಿದ ಸಮಯದೊಳಗೆ ಮಸುಕಾಗಿಯಾದರೂ ರೋಗದ ಗೆರೆ ಮೂಡಿದರೆ ಇದೆ ಎಂದೇ ಲೆಕ್ಕ. ಅರ್ಧ ಗಂಟೆ ಬಿಟ್ಟು ಬಂದು ನೋಡಿದಾಗ ಕಾಣುವ ಗೆರೆಯನ್ನು ನಂಬಬೇಡಿ, ಪಟ್ಟಿ ಒಣಗುವಾಗ ಸುಳ್ಳು ಗೆರೆ ಮೂಡುವುದುಂಟು.

ಕಿಟ್ಟು ಸೋಲುವುದು ನಮ್ಮ ಹವೆಗೆ. ಪಟ್ಟಿಯ ಶತ್ರು ತೇವ. ಭಾಗಮಂಡಲ, ನಾಪೋಕ್ಲು ಕಡೆಯ ಮಳೆಗಾಲದ ಗಾಳಿಯಲ್ಲಿ ಪೊಟ್ಟಣ ಒಡೆದು ಇಟ್ಟು, ಆಮೇಲೆ ಮಾದರಿ ತರಲು ಹೋದರೆ ಅಷ್ಟರಲ್ಲೇ ಪಟ್ಟಿ ತೇವ ಹೀರಿಕೊಂಡಿರುತ್ತದೆ. ಮೊದಲು ಮಾದರಿ ಕಲಕಿಟ್ಟುಕೊಳ್ಳಿ, ಪೊಟ್ಟಣವನ್ನು ಕೊನೆಗೆ ಒಡೆಯಿರಿ. ಫ್ರಿಜ್ಜಿನಲ್ಲಿಟ್ಟ ಕಿಟ್ಟನ್ನು ಪೊಟ್ಟಣ ಒಡೆಯದೆ ಅರ್ಧ ಗಂಟೆ ಹೊರಗಿಡಬೇಕು, ಇಲ್ಲದಿದ್ದರೆ ತಣ್ಣನೆ ಪಟ್ಟಿಯ ಮೇಲೆ ಬೆವರು ಕೂರುತ್ತದೆ. ಚಳಿಯಲ್ಲಿ ದ್ರಾವಣ ನಿಧಾನ ಏರುವುದರಿಂದ ಕೊಟ್ಟಿಗೆಗಿಂತ ಜಗಲಿ ವಾಸಿ. ಬೆಚ್ಚಗಿದೆ ಎಂದು ಅಡುಗೆಮನೆಗೆ ಮಾತ್ರ ಒಯ್ಯಬೇಡಿ. ಕ್ರಿಪ್ಟೋಸ್ಪೊರಿಡಿಯಂ ಮನುಷ್ಯರಿಗೂ ಹತ್ತುತ್ತದೆ, ಮಕ್ಕಳಿಗೆ ಇನ್ನೂ ಬೇಗ.

ಪ್ರಯೋಗಾಲಯದ ಆರ್‌ಟಿ-ಪಿಸಿಆರ್‌ಗೆ ಹೋಲಿಸಿದರೆ ಪಟ್ಟಿಯ ಕಣ್ಣು ಮಂದ. ಗೆರೆ ಬಂದರೆ ಬಹುಮಟ್ಟಿಗೆ ನಂಬಬಹುದು, ಬರದಿದ್ದರೆ ರೋಗವಿಲ್ಲ ಎನ್ನಲಾಗದು. ಒಂದೇ ಮರಿಯ ಮೇಲೆ ತೀರ್ಮಾನಿಸುವ ಬದಲು ಹೊಸದಾಗಿ ಭೇದಿ ಹಿಡಿದ ಮೂರು ಮರಿಗಳನ್ನಾದರೂ ನೋಡಿ. ಈ ಪಟ್ಟಿಗಳು ಮೂಲತಃ ಕರುವಿಗಾಗಿ ತಯಾರಾದವು. ಆಡಿನ ಮಾದರಿಯಲ್ಲೂ ಗೆರೆ ಮೂಡಬಹುದು, ಆದರೆ ಡಬ್ಬಿಯ ಮೇಲೆ ಆಡು, ಕುರಿ ಎಂದು ಬರೆದಿಲ್ಲದಿದ್ದರೆ ಅದನ್ನು ಸುಳಿವು ಎಂದಷ್ಟೇ ತೆಗೆದುಕೊಳ್ಳಿ. ಹಂದಿಮರಿಗಂತೂ ಇದು ಬೇಡವೇ ಬೇಡ. ಹಂದಿಯ ಭೇದಿ ತರುವ ಮುಖ್ಯ ಕೊರೊನಾಗಳು ಬೇರೆ ಗುಂಪಿನವು.

ವಯಸ್ಸಿನ ಲೆಕ್ಕ ಪಟ್ಟಿಗಿಂತ ಅಗ್ಗ. ಹುಟ್ಟಿದ ಮೊದಲ 4 ದಿನದೊಳಗೆ ನೀರಿನಂಥ ಭೇದಿ ಬಂದರೆ ಮೊದಲ ಅನುಮಾನ ಕೆ99 ಮೇಲೆ. ಅದಾದ ಮೇಲೆ ಮೂರನೆಯ ವಾರದವರೆಗೆ ಉಳಿದ ಮೂರರ ಸರದಿ. ಮೂರು ವಾರ ದಾಟಿದ ಆಡುಮರಿಗೆ ಭೇದಿಯಾದರೆ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ ಇದೆಯೇ ನೋಡಬೇಕು. ಅದು ಸಾಮಾನ್ಯವಾಗಿ ಈ ಪಟ್ಟಿಯಲ್ಲಿಲ್ಲ, ಪಶು ಆಸ್ಪತ್ರೆಯ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಭೇದಿಯ ಜತೆ ಜ್ವರ, ಕಣ್ಣು ಮೂಗಿನಲ್ಲಿ ಸುರಿತ, ಬಾಯಲ್ಲಿ ಹುಣ್ಣು ಇದ್ದರೆ ಪಟ್ಟಿ ಪಕ್ಕಕ್ಕಿಟ್ಟು ಕೂಡಲೇ ವೈದ್ಯರನ್ನು ಕರೆಯಿರಿ. ಅದು ಪಿಪಿಆರ್, ಅಂದರೆ ಆಡು ಕುರಿಗಳ ಪ್ಲೇಗ್ ಇರಬಹುದು, ಹಿಂಡನ್ನೇ ಮುಗಿಸುತ್ತದೆ.

ಈಗ ತೊಳೆಯುವ ವಿಷಯ. ಕೊರೊನಾಕ್ಕೆ ಕೊಬ್ಬಿನ ಹೊದಿಕೆಯಿದೆ, ಸೋಪು ತಗುಲಿದರೆ ಅದು ಒಡೆಯುತ್ತದೆ. ಸೆಗಣಿ ಕೆರೆದು ತೆಗೆದು, ಬಟ್ಟೆ ಸೋಪಿನ ಪುಡಿ ಹಾಕಿ ಉಜ್ಜಿ, ನೀರು ಬಿಟ್ಟು, ಕೊನೆಗೆ ಬ್ಲೀಚಿಂಗ್ ಪೌಡರ್ ದ್ರಾವಣ ಎರಚಿದರೆ ಸಾಕು. ಒಳ್ಳೆ ಪೌಡರಾದರೆ 1 ಲೀಟರ್ ನೀರಿಗೆ 30 ಗ್ರಾಂ, ಅಂದರೆ ಸುಮಾರು ಶೇ. 1ರ ಕ್ಲೋರಿನ್. ಬಾಯಿ ತೆರೆದಿಟ್ಟ ಚೀಲದ ಪೌಡರು ನಮ್ಮ ತೇವಕ್ಕೆ ಬೇಗ ಸತ್ತುಹೋಗುತ್ತದೆ. ಮೂಗಿಗೆ ಘಾಟು ಹೊಡೆಯದಿದ್ದರೆ ಹೊಸದು ತನ್ನಿ. ಗಂಜಲ ನಿಂತ ನೆಲಕ್ಕೆ ನೇರ ಸುರಿಯಬೇಡಿ, ಕಣ್ಣು ಗಂಟಲು ಉರಿಸುವ ಗಾಳಿ ಏಳುತ್ತದೆ. ಸೆಗಣಿಯ ಮೇಲೆ ಸುರಿದ ಕ್ಲೋರಿನ್ ಸೆಗಣಿಯಲ್ಲೇ ವ್ಯಯವಾಗುತ್ತದೆ, ವೈರಸ್ಸಿಗೆ ಏನೂ ಉಳಿಯುವುದಿಲ್ಲ.

ರೋಟಾಕ್ಕೆ ಆ ಹೊದಿಕೆಯಿಲ್ಲ, ಸೆಗಣಿಯಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಅದಕ್ಕೆ ಸೋಪೊಂದೇ ಸಾಲದು. ಕ್ರಿಪ್ಟೋ ಗೆರೆ ಬಂದರಂತೂ ಬ್ಲೀಚಿಂಗ್ ಪೌಡರಿಗೆ ಹಾಕಿದ ದುಡ್ಡು ಗಂಗೆಗೆ: ಅದರ ಮೊಟ್ಟೆಗಳು ಕ್ಲೋರಿನ್ನಿಗೆ ಬಗ್ಗುವುದಿಲ್ಲ. ಕುದಿಯುವ ನೀರು, ಆಮೇಲೆ ಪೂರ್ತಿ ಒಣಗಿಸುವುದು, ಇವೆರಡಕ್ಕೆ ಸಾಯುತ್ತವೆ. ಅಟ್ಟದ ಕೊಟ್ಟಿಗೆಯ ಮರದ ಪಟ್ಟಿಗಳ ಸಂದಿ ಮಳೆಗಾಲದಲ್ಲಿ ಒಣಗುವ ಮಾತೇ ಇಲ್ಲ. ಹಾಗಾಗಿ ಹೊಸದಾಗಿ ಹುಟ್ಟಿದ ಮರಿಗಳನ್ನು ಅಲ್ಲಿಂದ ಬೇರೆಡೆಗೆ ಒಯ್ಯುವುದೇ ಲೇಸು. ಗೆರೆ ಯಾವುದೇ ಬರಲಿ, ದಿನದ ಕೆಲಸದಲ್ಲಿ ಆರೋಗ್ಯದ ಮರಿಗಳ ಹತ್ತಿರ ಮೊದಲು ಹೋಗಿ, ಭೇದಿಯವುಗಳ ಹತ್ತಿರ ಕೊನೆಗೆ.

ಫಲಿತಾಂಶಕ್ಕೆ ಕಾಯುತ್ತ ನೀರು ಕೊಡುವುದನ್ನು ತಡಮಾಡಬೇಡಿ. 30 ಕೆ.ಜಿ. ಕರುವಿಗೆ ಕಣ್ಣು ಒಳಗೆ ಹೋಗಿ, ಚಿವುಟಿದ ಕತ್ತಿನ ಚರ್ಮ ಹಾಗೇ ನಿಲ್ಲುತ್ತಿದ್ದರೆ ಶೇ. 8ರಷ್ಟು ನೀರು ಹೋಗಿದೆ ಎನ್ನಿ: ತುಂಬಬೇಕಾದ್ದು 2.4 ಲೀಟರ್, ಮುಂದಿನ ಭೇದಿಯಲ್ಲಿ ಹೋಗುವುದು ಬೇರೆ. 3 ಕೆ.ಜಿ. ಆಡುಮರಿಗೆ ಅದೇ ಲೆಕ್ಕದಲ್ಲಿ 240 ಮಿ.ಲೀ., ಒಂದು ಸಲಕ್ಕೆ 50-60 ಮಿ.ಲೀ.ನಂತೆ. ಕರುವಿನ ಎಲೆಕ್ಟ್ರೊಲೈಟ್ ಪುಡಿ ಸಿಗದಿದ್ದರೆ ಮನುಷ್ಯರ ಓಆರ್‌ಎಸ್ ತುರ್ತಿಗೆ ನಡೆಯುತ್ತದೆ, ಅದರಲ್ಲಿ ಸೋಡಿಯಂ ಸ್ವಲ್ಪ ಕಡಿಮೆ ಅಷ್ಟೆ. ಹಾಲು ನಿಲ್ಲಿಸಬೇಡಿ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ. ಪುಡಿಯನ್ನು ಹಾಲಿಗೆ ಮಾತ್ರ ಬೆರೆಸಬೇಡಿ. ಚೀಪುವ ಶಕ್ತಿ ಹೋಗಿ ಬಾಯಿ ತಣ್ಣಗಾದ ಮರಿಗೆ ಬಾಯಲ್ಲಿ ಹೊಯ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ, ಅದಕ್ಕೆ ಡ್ರಿಪ್ಪೇ ಆಗಬೇಕು. ಸಂಚಾರಿ ಪಶು ಚಿಕಿತ್ಸೆಗೆ ಸಹಾಯವಾಣಿ 1962.

ಯಾರು ಕೊಳ್ಳಬೇಕು? ವರ್ಷಕ್ಕೆ ಎರಡು ಕರು ಕಾಣುವ ಮನೆಗೆ ಬೇಡ. ಆ ದುಡ್ಡಿಗೆ ಎಲೆಕ್ಟ್ರೊಲೈಟ್ ಪುಡಿ ತಂದಿಡಿ, ಹುಟ್ಟಿದ ಆರು ಗಂಟೆಯೊಳಗೆ ಗಿಣ್ಣು ಹಾಲು ಹೊಟ್ಟೆ ತುಂಬ ಕುಡಿಸಿ. ಒಂದೇ ಸಲ ಹತ್ತಾರು ಮರಿ ಹಾಕುವ ಆಡಿನ ಫಾರಂಗೆ, ಹಾಲಿನ ಸಂಘಕ್ಕೆ, ಸ್ಥಳೀಯ ವೈದ್ಯರ ಚೀಲಕ್ಕೆ ಇದು ಒಪ್ಪುತ್ತದೆ. ಡಬ್ಬಿ ಕೈಗೆ ಬಂದಾಗ ಪಟ್ಟಿಯ ಅವಧಿ, ದ್ರಾವಣದ ಅವಧಿ ಎರಡನ್ನೂ ಓದಿ, ಒಮ್ಮೊಮ್ಮೆ ಅವು ಬೇರೆ ಬೇರೆ ಇರುತ್ತವೆ. ಮೇ ಕೊನೆಯಲ್ಲಿ ತರಿಸುವವರು ಅವಧಿ ಸೆಪ್ಟೆಂಬರ್ ದಾಟುವ ಡಬ್ಬಿಯನ್ನೇ ಕೇಳಿ.