ಕೊಳವೆಬಾವಿ ನೀರಿನ ಪರೀಕ್ಷೆ: ಅಳತೆ ಅಚ್ಚುಕಟ್ಟು, ವಿವರಣೆ ಸಾಲದು

ಕೋಲಾರ ಜಿಲ್ಲೆಯ ಖಾಸಗಿ ಪ್ರಯೋಗಾಲಯವೊಂದರಲ್ಲಿ ನಮ್ಮ ಎರಡು ಕೊಳವೆಬಾವಿಗಳ ನೀರನ್ನು ಪರೀಕ್ಷೆ ಮಾಡಿಸಿದೆವು. ಒಂದು ಮನೆಯ ಹಿಂದೆ, ಸೀಮೆಹಸುಗಳ ಕೊಟ್ಟಿಗೆ ಮತ್ತು ತಿಪ್ಪೆಗುಂಡಿಯ ಪಕ್ಕದಲ್ಲಿದೆ. ಇನ್ನೊಂದು ಟೊಮೆಟೊ ಬೆಳೆಯುವ ಹೊಲದ ಅಂಚಿನಲ್ಲಿದೆ.

ಮಾದರಿ ಸಂಗ್ರಹಿಸಿದ ಕ್ರಮದ ಬಗ್ಗೆ ಆಕ್ಷೇಪವಿಲ್ಲ. ಸಿಬ್ಬಂದಿಯೇ ಬಂದು, ಪೈಪಿನಲ್ಲಿ ನಿಂತ ನೀರು ಹೊರಹೋಗುವವರೆಗೆ ಮೋಟರ್ ಓಡಿಸಿ, ರಾಸಾಯನಿಕ ಪರೀಕ್ಷೆಗೆ ಒಂದು ಕ್ಯಾನ್, ಬ್ಯಾಕ್ಟೀರಿಯಾ ಪರೀಕ್ಷೆಗೆ ಕ್ರಿಮಿಶುದ್ಧ ಮಾಡಿದ ಬೇರೊಂದು ಬಾಟಲಿ ತುಂಬಿಸಿ, ಐಸ್ ಪೆಟ್ಟಿಗೆಯಲ್ಲಿ ಒಯ್ದರು. ಹಳೆಯ ತಂಪುಪಾನೀಯದ ಬಾಟಲಿಯಲ್ಲಿ ತಂದ ನೀರನ್ನೂ ಮರುಮಾತಿಲ್ಲದೆ ಪಡೆಯುವ ಕಡೆಗಳಿಗೆ ಹೋಲಿಸಿದರೆ ಇದು ಮೆಚ್ಚತಕ್ಕದ್ದು.

ತೊಡಕು ಇರುವುದು ವರದಿಯಲ್ಲಿ. ಫ್ಲೋರೈಡ್ ಎರಡೂ ಬಾವಿಗಳಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದು, ಲೀಟರಿಗೆ 1 ಮಿಲಿಗ್ರಾಂ (ಅಪೇಕ್ಷಿತ ಮಿತಿ) ದಾಟಿದರೂ 1.5ರ (ಬೇರೆ ನೀರಿಲ್ಲದಾಗ ಒಪ್ಪುವ ಮಿತಿ) ಒಳಗಿತ್ತು. ನಮ್ಮ ಭಾಗದ ಗ್ರಾನೈಟ್ ಮತ್ತು ನೈಸ್ ಬಂಡೆಗಳಿಂದಲೇ ಅದು ನೀರಿಗೆ ಸೇರುವುದರಿಂದ ಮೇಲೆ ಏನು ಬೆಳೆದರೂ ಅಷ್ಟಾಗಿ ಬದಲಾಗದು. ನೈಟ್ರೇಟ್ ಹಾಗಲ್ಲ, ಅದು ಬಹುಪಾಲು ನೆಲದ ಮೇಲಿನ ನಮ್ಮ ಬಳಕೆಯ ಫಲ. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡದಲ್ಲಿ ಅದಕ್ಕೆ 45 ಮಿಲಿಗ್ರಾಂ ಮಿತಿಯಿದೆ, ಸಡಿಲಿಕೆ ಇಲ್ಲ. ನಮ್ಮ ಎರಡೂ ಬಾವಿಗಳು ಅದನ್ನು ಮೀರಿದ್ದವು, ಕೊಟ್ಟಿಗೆಯ ಪಕ್ಕದ್ದು ಇನ್ನೂ ಹೆಚ್ಚು.

45 ಕಿಲೋ ಯೂರಿಯಾ ಚೀಲದಲ್ಲಿ ಶೇ 46ರಷ್ಟು, ಅಂದರೆ ಸುಮಾರು 21 ಕಿಲೋ ಸಾರಜನಕ ಇರುತ್ತದೆ. ಬೆಳೆ ಹೀರದೆ ಬಿಟ್ಟದ್ದರಲ್ಲಿ ಬಹಳಷ್ಟು ಮಣ್ಣಿನಲ್ಲಿ ನೈಟ್ರೇಟಾಗಿ, ಜೇಡಿಯ ಕಣಗಳು ಹಿಡಿದಿಟ್ಟುಕೊಳ್ಳದ ಕಾರಣ ಮಳೆ ಮತ್ತು ನೀರಾವರಿಯೊಂದಿಗೆ ಕೆಳಗಿಳಿಯುತ್ತದೆ. ಸಗಣಿ, ಗಂಜಲ, ಶೌಚಗುಂಡಿಗಳಿಂದಲೂ ನೈಟ್ರೇಟ್ ಬರುತ್ತದೆ, ಆದರೆ ಅವುಗಳ ಜೊತೆ ಕ್ಲೋರೈಡ್ ಸಹ ಏರುವುದು ವಾಡಿಕೆ. ಕೊಟ್ಟಿಗೆಯ ಬಾವಿಯಲ್ಲಿ ಎರಡೂ ಏರಿದ್ದವು, ಮಲದ ಕಲಬೆರಕೆಯನ್ನು ತೋರಿಸುವ ಇ. ಕೋಲಿ ಬ್ಯಾಕ್ಟೀರಿಯಾ ಕೂಡ ಸಿಕ್ಕಿತ್ತು. ಕೇಸಿಂಗ್ ಪೈಪಿನ ಸುತ್ತಲ ಸಂದನ್ನು ಮುಚ್ಚದಿದ್ದರೆ ತಿಪ್ಪೆಯ ರಸ ನೇರವಾಗಿ ಇಳಿಯುತ್ತದೆ. ಹೊಲದ ಬಾವಿಯಲ್ಲಿ ಕ್ಲೋರೈಡ್ ಕಡಿಮೆಯಿದ್ದುದರಿಂದ ಗುಮಾನಿ ಗೊಬ್ಬರದತ್ತ ವಾಲುತ್ತದೆ. ಪೊಟ್ಯಾಷ್ ಗೊಬ್ಬರದಲ್ಲೂ ಕ್ಲೋರೈಡ್ ಇರುವುದರಿಂದ ಈ ಲೆಕ್ಕ ಎಲ್ಲ ಹೊಲಗಳಿಗೂ ಹೊಂದುವುದಿಲ್ಲ.

ಈ ಮಾತುಗಳನ್ನು ಅಂಕಿಗಳಿಂದ ನಾವೇ ಹೆಕ್ಕಿಕೊಳ್ಳಬೇಕಾಯಿತು. ಬಾವಿಯ ಸುತ್ತ ಏನಿದೆ, ಇಳಿಜಾರು ಯಾವ ಕಡೆಗೆ, ಗೊಬ್ಬರ ಹಾಕಿ ಎಷ್ಟು ದಿನವಾಯಿತು ಎಂದು ಕೇಳುವ ಒಂದು ಕಾಲಂ ಕೂಡ ಅರ್ಜಿಯಲ್ಲಿರಲಿಲ್ಲ. ಎರಡೂ ವರದಿಗಳ ಕೆಳಗೆ ‘ಕುಡಿಯಲು ಯೋಗ್ಯವಲ್ಲ’ ಎಂಬ ಒಂದೇ ಸಾಲು. ಫೋನಿನಲ್ಲಿ ಕೇಳಿದಾಗ ಆರ್‌ಒ ಯಂತ್ರ ಹಾಕಿಸಿ ಎಂಬ ಸಲಹೆ. ಆರ್‌ಒ ನೈಟ್ರೇಟನ್ನು ತಗ್ಗಿಸುವುದು ನಿಜ, ಆದರೆ ಅದು ಹೊರಬಿಡುವ, ನೈಟ್ರೇಟ್ ಮತ್ತು ಲವಣಗಳು ಸಾಂದ್ರವಾದ ತ್ಯಾಜ್ಯ ನೀರನ್ನು ಬಾವಿಯ ಬುಡಕ್ಕೇ ಹರಿಸುವ ಮನೆಗಳು ನಮ್ಮೂರಿನಲ್ಲೇ ಇವೆ. ನೀರು ಕುದಿಸಿದರೆ ನೈಟ್ರೇಟ್ ಹೋಗದು, ಬದಲಿಗೆ ಸಾಂದ್ರವಾಗುತ್ತದೆ. ಬ್ಲೀಚಿಂಗ್ ಪುಡಿಗೂ ಅದು ಬಗ್ಗದು. ನೈಟ್ರೇಟ್ ಹಸುಗೂಸುಗಳಿಗೆ ಹೆಚ್ಚು ಅಪಾಯಕಾರಿಯಾದ್ದರಿಂದ ಅವರಿರುವ ಮನೆಗೆ ಹೇಳಲೇಬೇಕಾದ ಈ ಎಚ್ಚರಿಕೆಯನ್ನು ಬಿಟ್ಟಿರುವುದು ದೊಡ್ಡ ಲೋಪ.

ಶುಲ್ಕ ದುಬಾರಿಯೆನಿಸಲಿಲ್ಲ, ವರದಿಯೂ ಹೇಳಿದ ದಿನಕ್ಕೆ ಬಂತು. ಮಾಡಿಸುವವರು ಕುಡಿಯುವ ನೀರಿನ ಪಟ್ಟಿಯ ಜೊತೆ, ಮಾಲಿನ್ಯದ ಮೂಲ ಊಹಿಸಲು ನೆರವಾಗುವ ಪೊಟ್ಯಾಸಿಯಂ ಅನ್ನೂ ಕೇಳಿ ಸೇರಿಸಿಕೊಳ್ಳಲಿ, ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ ಅದೇ ಬಾವಿಯ ನೀರನ್ನು ಕೊಡಲಿ.