ಫೈನೈಟ್ ಮ್ಯಾಥ್ಸ್ ಕಲಿಯಲು ದಪ್ಪ ಪುಸ್ತಕವೋ, ವಿಡಿಯೋವೋ, ಪಿಯುಸಿ ಪುಸ್ತಕವೋ?

ಬೀಜಗಣಿತ ಅಷ್ಟಾಗಿ ಬರದವರು ಫೈನೈಟ್ ಮ್ಯಾಥ್ಸ್ (ಎಣಿಕೆ, ಸಂಭವನೀಯತೆ, ಮ್ಯಾಟ್ರಿಕ್ಸ್‌ನಂಥ, ಕ್ಯಾಲ್ಕುಲಸ್ ಬೇಕಿಲ್ಲದ ಗಣಿತ) ತಾವೇ ಕಲಿಯಬೇಕೆಂದಿದ್ದರೆ, ದ್ವಿತೀಯ ಪಿಯುಸಿ ಕಾಮರ್ಸ್‌ನ ಬೇಸಿಕ್ ಮ್ಯಾಥ್ಸ್ ಪುಸ್ತಕ ಹಿಡಿಯಿರಿ. ಪಕ್ಕದಲ್ಲಿ ಹತ್ತನೇ ತರಗತಿಯ ಗಣಿತ ಪುಸ್ತಕ ಇರಲಿ. ನನಗೆ ಎರಡೂ ಪಕ್ಕದ ಮನೆ ಹುಡುಗಿಯಿಂದ ಸಿಕ್ಕವು, ಒಂದು ರೂಪಾಯಿ ಖರ್ಚಾಗಲಿಲ್ಲ.

ಮೊದಲು ದುಡ್ಡು ಕೊಟ್ಟು ತಂದದ್ದು ಅಮೆರಿಕದ ದಪ್ಪ ಕಾಲೇಜು ಪಠ್ಯ. ಗಣಗಳು, ಎಣಿಕೆ, ಸಂಭವನೀಯತೆ, ಮ್ಯಾಟ್ರಿಕ್ಸ್, ಲೀನಿಯರ್ ಪ್ರೋಗ್ರಾಮಿಂಗ್ (ಇರುವ ಮಿತಿಯೊಳಗೆ ಅತಿ ಹೆಚ್ಚು ಲಾಭ ಅಥವಾ ಅತಿ ಕಡಿಮೆ ಖರ್ಚು ಹುಡುಕುವ ಲೆಕ್ಕ), ಬಡ್ಡಿ ಲೆಕ್ಕ ಎಲ್ಲ ಇದೆ, ಕ್ಯಾಲ್ಕುಲಸ್ ಬೇಕಿಲ್ಲ. ಆದರೆ ಬೀಜಗಣಿತವನ್ನು ಮೊದಲ ಕೆಲವೇ ಪುಟಗಳಲ್ಲಿ ಮುಗಿಸಿಬಿಡುತ್ತದೆ.

ವಿಡಿಯೋಗಳಲ್ಲಿ ಎಣಿಕೆ ಚೆನ್ನಾಗಿ ತಲೆಗೆ ಹೋಗುತ್ತದೆ. ನಾನು ಸಿಕ್ಕಿಬಿದ್ದದ್ದು ಅಸಮತೆಯಲ್ಲಿ, ಅಂದರೆ ≥, ≤ ಚಿಹ್ನೆ ಇರುವ ಲೆಕ್ಕದಲ್ಲಿ. −2ಎಕ್ಸ್ ≥ −12 ಅಂತ ಬರೆದ ಮೇಷ್ಟ್ರು ಮರುಸಾಲಿನಲ್ಲೇ ಎಕ್ಸ್ ≤ 6 ಅಂದುಬಿಟ್ಟರು. ಚಿಹ್ನೆ ಯಾಕೆ ತಿರುಗಿತು? ಒಂದು ಮಾತೂ ಇಲ್ಲ. ಎಷ್ಟು ಸಲ ಹಿಂದೆ ಸರಿಸಿ ನೋಡಿದರೂ ಅಷ್ಟೇ. ಇದು ಸಣ್ಣ ವಿಷಯ ಅಲ್ಲ. ಚಿಹ್ನೆ ತಪ್ಪಿದರೆ ಗ್ರಾಫಿನಲ್ಲಿ ಗೆರೆಯ ಆಚೆ ಬದಿಗೆ ಬಣ್ಣ ತುಂಬುತ್ತೀರಿ, ಉತ್ತರ ಪೂರಾ ಹಾಳು.

ಕೊನೆಗೆ ಮನೆಯ ಜೋಳದ ಹಿಟ್ಟಿನ ಲೆಕ್ಕವನ್ನೇ ಹಾಕಿದೆ. 20 ಕಿಲೋ ಹಿಟ್ಟು, ದಿನಕ್ಕೆ 2 ಕಿಲೋ ರೊಟ್ಟಿಗೆ, ಕನಿಷ್ಠ 8 ಕಿಲೋ ಉಳಿಯಬೇಕು. ದಿನಗಳ ಸಂಖ್ಯೆ ಎಕ್ಸ್ ಆದರೆ 20 − 2ಎಕ್ಸ್ ≥ 8. ಎರಡೂ ಕಡೆ 20 ಕಳೆದರೆ ಮೇಷ್ಟ್ರು ಬರೆದ −2ಎಕ್ಸ್ ≥ −12. ಆರು ದಿನ ಬಳಸಿದರೆ ಸರಿಯಾಗಿ 8 ಉಳಿಯುತ್ತದೆ. ಏಳನೇ ದಿನಕ್ಕೆ 6ಕ್ಕೆ ಇಳಿಯುತ್ತದೆ, ನಡೆಯೋದಿಲ್ಲ. ಹಾಗಾಗಿ ದಿನ ಆರು ಅಥವಾ ಕಡಿಮೆ. ಋಣ ಸಂಖ್ಯೆಯಿಂದ ಭಾಗಿಸಿದಾಗ ಚಿಹ್ನೆ ತಿರುಗಲೇಬೇಕು, ಅಲ್ವಾ? ಆಮೇಲೆ ಹತ್ತನೇ ತರಗತಿಯ ಎರಡು ಚರಾಕ್ಷರಗಳ ಸಮೀಕರಣಗಳನ್ನು ಪೆನ್ಸಿಲ್ ಹಿಡಿದು ಬಿಡಿಸಿದೆ. ಎರಡು ಗೆರೆ ಎಲ್ಲಿ ಕೂಡುತ್ತವೆ ಅನ್ನೋದು ಕೈಗೆ ಬಂದ ಮೇಲೆ ಲೀನಿಯರ್ ಪ್ರೋಗ್ರಾಮಿಂಗ್‌ನ ಮೂಲೆ ಬಿಂದುಗಳು (ಬಣ್ಣ ತುಂಬಿದ ಜಾಗದ ಮೂಲೆಗಳು, ಉತ್ತರ ಹುಡುಕೋದು ಅಲ್ಲೇ) ಸುಲಭ ಆದವು.

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೇನೂ ಬರ ಇಲ್ಲ. ಆದರೆ ನಾನು ಕೂತು ನೋಡಿದ ಡೆಮೊ ಕ್ಲಾಸಿನಲ್ಲಿ ಬರೀ ಪರೀಕ್ಷೆಯ ಓಟ. ಹುಬ್ಬಳ್ಳಿಯಲ್ಲಿ ಕೆಲಸ ಮುಗಿಸಿ ಧಾರವಾಡಕ್ಕೆ ಚಿಗರಿ ಬಸ್ ಹತ್ತೋ ಹೊತ್ತಿಗೆ ನನಗೆ ನಿಧಾನವಾಗಿ ಹೇಳಿಕೊಡುವವರು ಬೇಕು.



ಪಿಯುಸಿ ಪುಸ್ತಕದ ಕೊರತೆ ಒಂದಿದೆ. ಲೀನಿಯರ್ ಪ್ರೋಗ್ರಾಮಿಂಗ್ ಗ್ರಾಫಿಗೇ ನಿಲ್ಲುತ್ತದೆ. ಗಣಿತಜ್ಞ ಜಾರ್ಜ್ ಡಾಂಟ್ಸಿಗ್ 1947ರಲ್ಲಿ ಕೊಟ್ಟ ಸಿಂಪ್ಲೆಕ್ಸ್ ವಿಧಾನ (ಗ್ರಾಫ್ ಇಲ್ಲದೆ ಹಂತ ಹಂತವಾಗಿ ಲೆಕ್ಕ ಹಾಕಿ ಉತ್ತರ ಹುಡುಕುವುದು) ಅದರಲ್ಲಿಲ್ಲ. ಚರಾಕ್ಷರ ಮೂರೋ ನಾಲ್ಕೋ ಆದಾಗ ಅದು ಬೇಕೇ ಬೇಕು. ಅಲ್ಲಿಗೆ ಬಂದಾಗ ದಪ್ಪ ಪುಸ್ತಕ ತೆಗೆಯಿರಿ, ಹೊಸದು ಕೊಳ್ಳಬೇಡಿ, ಸೆಕೆಂಡ್ ಹ್ಯಾಂಡ್ ಸಾಕು.